ಕಲ್ಪವೃಕ್ಷದ ಸೀಮೆಯಲ್ಲಿ ವದಂತಿಯೂ ವಿಜ್ಞಾನವೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ಒಮ್ಮೆಯಾದರೂ ಸಂಚರಿಸಿದವರಿಗೆ ತೆಂಗಿನ ಮರದ ಮಹಿಮೆಯನ್ನು ನಾವು ವರ್ಣಿಸಿ ಹೇಳಬೇಕಾದುದಿಲ್ಲ. ಬಿಳಿಗೆರೆಯಂತಹ ಊರಿನ ಕೆರೆಯ ಏರಿಯ ಮೇಲೆ ನಿಂತು ನೋಡಿದರೆ ಕಣ್ಣಿಗೆ ಬೀಳುವುದು ತೆಂಗಿನ ತೋಟ. ಮನೆಯೊಳಕ್ಕೆ ಹೋಗಿ ತಲೆಯೆತ್ತಿದರೆ ಕಾಣುವುದು ಕಾಯಿ ತುಂಬಿದ ಅಟ್ಟ. ಕಾಯಿ ಕಿತ್ತ ಕೂಡಲೆ ಒಡೆದು ಬಿಸಿಲಿಗೆ ಹಾಕಿ ಗಾಣಕ್ಕೆ ಕಳುಹಿಸುವುದು ಈ ಸೀಮೆಯ ಪದ್ಧತಿಯಲ್ಲ. ಚೆನ್ನಾಗಿ ಬಲಿತ ಕಾಯಿಯನ್ನು ಮಟ್ಟೆಸಹಿತವಾಗಿ ಅಟ್ಟಕ್ಕೆ ಏರಿಸಿ, ಎಂಟು ಹತ್ತು ತಿಂಗಳು, ಕೆಲವು ವೇಳೆ ವರ್ಷವಿಡೀ, ತಾಳ್ಮೆಯಿಂದ ಕಾಯುವರು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಒಣಗಿ, ಕರಟವನ್ನು ಬಿಟ್ಟುಕೊಂಡು ಉಂಡೆಯಾಗುವುದು. ಆಗ ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲುಗಿಸಿದರೆ ಒಳಗೆ ಗುಂಡು ಉರುಳಿದಂತೆ ಸದ್ದಾಗುವುದು. ಹೀಗೆ ಸಿದ್ಧವಾದ ಉಂಡೆ ಕೊಬ್ಬರಿಯು ತಿಪಟೂರಿನ ಪೇಟೆಯಲ್ಲಿ ಹರಾಜಾಗಿ, ಬಹುಮಟ್ಟಿಗೆ ಉತ್ತರ ಹಿಂದೂಸ್ಥಾನದ ಹಬ್ಬಹರಿದಿನಗಳಿಗೆ ಹೋಗುವುದು. ಮಕ್ಕಳ ಓದು, ಹೆಣ್ಣುಮಕ್ಕಳ ಮದುವೆ, ಹಳೆಯ ಸಾಲದ ಬಡ್ಡಿ, ಎಲ್ಲಕ್ಕೂ ಈ ಅಟ್ಟವೇ ಆಧಾರ.

ಇಂತಹ ಸೀಮೆಯ ಅಡಿಗೆಮನೆಗಳಲ್ಲಿ ಈಚೆಗೆ ಕೇಳಿಬರುತ್ತಿರುವ ಒಂದು ಬಗೆಯ ಸಂಭಾಷಣೆಯನ್ನು ವಾಚಕರ ಮುಂದಿಡುತ್ತೇವೆ. ಸೊಸೆಯು, “ಅತ್ತೆ, ಸಾರಿಗೆ ಇನ್ನುಮೇಲೆ ಕೊಬ್ಬರಿ ಹಾಕುವುದು ಬೇಡವಂತೆ. ಅದು ಎದೆಗೆ ವಿಷವಂತೆ. ಮೊಬೈಲಿನಲ್ಲಿ ಯಾರೋ ದೊಡ್ಡ ಡಾಕ್ಟರು ಹೇಳಿದ್ದಾರೆ” ಎನ್ನುವಳು. ಅದಕ್ಕೆ ಅತ್ತೆಯು, “ಅದೇ ಮೊಬೈಲಿನಲ್ಲಿ ನಿನ್ನ ಮಾವನವರಿಗೆ ಬೇರೆ ಬಂದಿದೆಯಲ್ಲಮ್ಮ. ದಿನಾ ಎರಡು ಚಮಚ ಕೊಬ್ಬರಿ ಎಣ್ಣೆ ಕುಡಿದರೆ ಸಕ್ಕರೆ ಕಾಯಿಲೆ ಹೋಗುತ್ತದಂತೆ, ಮರೆವು ಹೋಗುತ್ತದಂತೆ. ಯಾವುದನ್ನು ನಂಬೋಣ?” ಎನ್ನುವರು. ಅತ್ತೆಯವರ ಈ ಪ್ರಶ್ನೆ ಬಹಳ ಯೋಗ್ಯವಾದುದು. ಅದಕ್ಕೆ ಸರಿಯಾದ ಉತ್ತರವು ಅವರಿಗೆ ಅವರ ಮಾತಿನಲ್ಲಿ ಏಕೆ ದೊರೆಯಲಿಲ್ಲ, ದೊರೆಯುವಂತೆ ಮಾಡುವ ಬಗೆ ಯಾವುದು ಎಂಬುದೇ ಈ ಲೇಖನದ ವಿಷಯ.

ವದಂತಿಗಳ ಹುಟ್ಟು

ಮೊದಲನೆಯ ಮಾತಿನ ಮೂಲವನ್ನು ಹುಡುಕುತ್ತ ಹೋದರೆ ನಾವು ಜರ್ಮನಿಯ ಫ್ರೈಬುರ್ಗ್ ನಗರವನ್ನು ಸೇರುವೆವು. ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ 2018ನೆಯ ಇಸವಿಯಲ್ಲಿ ಕಾರಿನ್ ಮಿಕೆಲ್ಸ್ ಎಂಬ ಪ್ರಾಧ್ಯಾಪಿಕೆಯವರು ಆಹಾರದ ವಿಷಯವಾಗಿ ಜರ್ಮನ್ ಭಾಷೆಯಲ್ಲಿ ಒಂದು ಉಪನ್ಯಾಸವನ್ನು ಕೊಟ್ಟರು. ಅದರಲ್ಲಿ ಅವರು ಕೊಬ್ಬರಿ ಎಣ್ಣೆಯನ್ನು ‘ಶುದ್ಧ ವಿಷ’ವೆಂದು ಕರೆದರು. ಉಪನ್ಯಾಸವು ದೀರ್ಘವಾದುದು, ಲೋಕಕ್ಕೆಲ್ಲ ಹಬ್ಬಿದುದು ಆ ಎರಡೇ ಪದ. ಅವರಿಗೆ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಸಂಬಂಧವೂ ಇದ್ದುದರಿಂದ ಆ ಮಾತಿಗೆ ಇನ್ನಷ್ಟು ತೂಕ ಬಂದಿತು. ನಮ್ಮ ದೇಶದ ತೋಟಗಾರಿಕೆಯ ಕಮಿಷನರವರು ಆ ಮಾತನ್ನು ಹಿಂತೆಗೆದುಕೊಳ್ಳಬೇಕೆಂದು ಹಾರ್ವರ್ಡಿಗೆ ಕಾಗದ ಬರೆದರು. ಅಷ್ಟರಲ್ಲಿ ಎರಡು ಪದಗಳು ಸಮುದ್ರಗಳನ್ನು ದಾಟಿ ನಮ್ಮ ಊರುಗಳ ಮೊಬೈಲುಗಳಿಗೆ ಬಂದು ಸೇರಿದ್ದವು.

ಎರಡನೆಯ ಮಾತಿಗೆ ಒಂದೇ ಮೂಲವನ್ನು ತೋರಿಸಲಾಗದು. ಕೊಬ್ಬರಿ ಎಣ್ಣೆಯು ಮರೆವಿನ ರೋಗವನ್ನು ನಿಲ್ಲಿಸುವುದು, ಸಕ್ಕರೆ ಕಾಯಿಲೆಯನ್ನು ಗುಣಪಡಿಸುವುದು, ಮೈ ಕರಗಿಸುವುದು ಎಂಬಿವು ಸೀಸೆಗಳ ಮೇಲಣ ಚೀಟಿಗಳಲ್ಲಿಯೂ ಪುಸ್ತಕಗಳಲ್ಲಿಯೂ ಚಲಚ್ಚಿತ್ರದ ತುಣುಕುಗಳಲ್ಲಿಯೂ ವರ್ಷಗಳಿಂದ ಹರಿದಾಡುತ್ತಿವೆ. ಮಾರುವವನಿಗೆ ಲಾಭ, ತೆಂಗು ಬೆಳೆಯುವ ನಮಗೂ ಕೇಳಲು ಹಿತ. ಕಿವಿಗೆ ಹಿತವಾದ ಸುಳ್ಳನ್ನು ಪರೀಕ್ಷಿಸುವವರು ಕಡಮೆ. ಆದುದರಿಂದ ಈ ಸೀಮೆಯಲ್ಲಿ ಮೊದಲನೆಯದಕ್ಕಿಂತ ಎರಡನೆಯದನ್ನು ಕುರಿತೇ ನಾವು ಹೆಚ್ಚು ಎಚ್ಚರಿಕೆಯಿಂದಿರಬೇಕೆಂದು ನಮ್ಮ ಅಭಿಪ್ರಾಯ.

ನಿಜವಾಗಿ ತಿಳಿದಿರುವುದೇನು?

ಕೊಬ್ಬರಿಯಲ್ಲಿ ಕೊಲೆಸ್ಟರಾಲ್ ಎಂಬ ವಸ್ತು ತುಂಬಿದೆ ಎಂದು ಹೇಳುವವರುಂಟು. ಇದು ಸುಳ್ಳು. ಆ ವಸ್ತುವು ಹಾಲು, ಬೆಣ್ಣೆ, ಮೊಟ್ಟೆ, ಮಾಂಸ ಮೊದಲಾದ ಪ್ರಾಣಿಜನ್ಯ ಪದಾರ್ಥಗಳಲ್ಲಿರುವುದೇ ಹೊರತು ಗಿಡಮರಗಳ ಫಲದಲ್ಲಿ ಲೆಕ್ಕಕ್ಕೆ ಬರುವಷ್ಟು ಇರುವುದಿಲ್ಲ. “ಹಾಗಾದರೆ ಚಿಂತೆಯಿಲ್ಲ” ಎಂದು ಇಷ್ಟಕ್ಕೇ ಮಾತು ಮುಗಿಸುವವರು ಅರ್ಧ ಸತ್ಯವನ್ನು ಹೇಳಿದಂತಾಯಿತು. ಕೊಬ್ಬರಿ ಎಣ್ಣೆಯ ಜಿಡ್ಡಿನಲ್ಲಿ ನೂರಕ್ಕೆ ಸುಮಾರು 90 ಪಾಲು ಪರ್ಯಾಪ್ತ ಜಿಡ್ಡು, ಎಂದರೆ ಚಳಿಗಾಲದಲ್ಲಿ ಸೀಸೆಯೊಳಗೆ ಹೆಪ್ಪುಗಟ್ಟುವ ಜಾತಿಯದು. ಈ ಜಾತಿಯ ಜಿಡ್ಡು ಹೆಚ್ಚಾದರೆ ರಕ್ತದಲ್ಲಿ ಕೊಲೆಸ್ಟರಾಲು ಏರುವುದು.

ಆಹಾರದಲ್ಲಿಲ್ಲದ ವಸ್ತು ರಕ್ತದಲ್ಲಿ ಏರುವುದು ಹೇಗೆ? ಕೆರೆಯ ನೀರನ್ನು ಬಲ್ಲವರಿಗೆ ಇದನ್ನು ತಿಳಿಯುವುದು ಕಷ್ಟವಲ್ಲ. ಕೆರೆಗೆ ಹಳ್ಳದಿಂದ ನಿತ್ಯವೂ ಸ್ವಲ್ಪ ನೀರು ಬರುತ್ತಿರುವುದು. ತೂಬಿನಿಂದ ಅಷ್ಟೇ ನೀರು ಹೊರಕ್ಕೆ ಹೋಗುತ್ತಿರುವುದು. ಮಟ್ಟವು ಸಮವಾಗಿ ನಿಲ್ಲುವುದು. ಹೊಸ ಮಳೆ ಬಾರದಿದ್ದರೂ ತೂಬನ್ನು ಅರ್ಧ ಮುಚ್ಚಿದರೆ ಮಟ್ಟ ಏರದಿದ್ದೀತೆ? ನಮ್ಮ ದೇಹವು ತನಗೆ ಬೇಕಾದ ಕೊಲೆಸ್ಟರಾಲನ್ನು ತಾನೇ ತಯಾರಿಸಿಕೊಳ್ಳುವುದು. ರಕ್ತದಲ್ಲಿ ಹರಿಯುವ ಕೊಲೆಸ್ಟರಾಲನ್ನು ಹಿಂದಕ್ಕೆ ಎಳೆದುಕೊಳ್ಳುವ ತೂಬು ಪಿತ್ತಜನಕಾಂಗದಲ್ಲಿದೆ. ಪರ್ಯಾಪ್ತ ಜಿಡ್ಡು ಅತಿಯಾದರೆ ಆ ತೂಬು ಕಿರಿದಾಗುವುದು, ಮಟ್ಟ ಏರುವುದು.

ಎಷ್ಟು ಏರುವುದೆಂಬುದನ್ನೂ ಅಳೆದು ನೋಡಿದ್ದಾರೆ. 16 ಪ್ರಯೋಗಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದ ಒಂದು ವಿಮರ್ಶೆಯು ಅಮೆರಿಕದ ಹೃದ್ರೋಗ ಸಂಘದ ‘ಸರ್ಕ್ಯುಲೇಷನ್’ ಪತ್ರಿಕೆಯಲ್ಲಿ 2020ರಲ್ಲಿ ಪ್ರಕಟವಾಯಿತು. ಸೋಯಾ, ಆಲಿವ್ ಮೊದಲಾದ ಎಣ್ಣೆಗಳನ್ನು ಬಳಸಿದವರಿಗೆ ಹೋಲಿಸಿದರೆ ಕೊಬ್ಬರಿ ಎಣ್ಣೆಯನ್ನು ಬಳಸಿದವರ ರಕ್ತದಲ್ಲಿ, ಎಲ್.ಡಿ.ಎಲ್. ಎಂಬ ಕೆಟ್ಟ ಕೊಲೆಸ್ಟರಾಲು ಡೆಸಿಲೀಟರಿಗೆ ಸರಾಸರಿ 10 ಮಿಲಿಗ್ರಾಂನಷ್ಟು ಹೆಚ್ಚಾಗಿದ್ದಿತು. ಒಳ್ಳೆಯದೆನಿಸಿದ ಎಚ್.ಡಿ.ಎಲ್. ಸಹ 4 ಮಿಲಿಗ್ರಾಂನಷ್ಟು ಹೆಚ್ಚಿತ್ತು. ಆದರೆ ಈ ಏರಿಕೆಯು ಆ ಹಾನಿಯನ್ನು ಸರಿದೂಗಿಸುವುದೆಂದು ಹೇಳಲು ಆಧಾರವಿಲ್ಲ. ಹತ್ತು ಮಿಲಿಗ್ರಾಂ ಎಂಬುದು ವಿಷದ ಲೆಕ್ಕವಲ್ಲ, ನಿರ್ಲಕ್ಷಿಸತಕ್ಕ ಲೆಕ್ಕವೂ ಅಲ್ಲ. ಮೊದಲೇ ಹೃದ್ರೋಗವೋ ಸಕ್ಕರೆ ಕಾಯಿಲೆಯೋ ಇರುವವರಿಗೆ ಅದು ದೊಡ್ಡದು.

ಶಾಂತಸಾಗರದ ಟೊಕೆಲಾವ್, ಪುಕಾಪುಕಾ ಎಂಬ ದ್ವೀಪಗಳ ಜನರು ತೆಂಗನ್ನೇ ಮುಖ್ಯ ಆಹಾರವಾಗಿ ತಿಂದು, ಹೃದ್ರೋಗವು ಅಪರೂಪವಾಗಿ ಬಾಳಿದುದನ್ನು 1981ರಲ್ಲಿ ಪ್ರಕಟವಾದ ಒಂದು ಅಧ್ಯಯನವು ತಿಳಿಸಿತು. ತೆಂಗಿನ ಪರವಾಗಿ ವಾದಿಸುವವರು ಇದನ್ನು ಮರೆಯದೆ ಹೇಳುವರು. ಆದರೆ ಆ ದ್ವೀಪದವರು ತಿಂದುದು ಸೀಸೆಯ ಎಣ್ಣೆಯನ್ನಲ್ಲ, ನಾರು ಸಹಿತವಾದ ಕಾಯಿಯನ್ನು; ಜೊತೆಗೆ ಮೀನು; ಸಕ್ಕರೆ ಅತ್ಯಲ್ಪ. ತೆಂಗನ್ನು ಹೆಚ್ಚಾಗಿ ತಿಂದ ಟೊಕೆಲಾವಿನವರ ರಕ್ತದಲ್ಲಿ ಕೊಲೆಸ್ಟರಾಲು ಪುಕಾಪುಕಾದವರಿಗಿಂತ ಹೆಚ್ಚಾಗಿಯೇ ಇದ್ದಿತೆಂಬ ಸಂಗತಿಯನ್ನು ಮಾತ್ರ ಆ ವಾದಿಗಳು ಹೇಳದೆ ಬಿಡುವರು. ಅರ್ಧವನ್ನು ಹೇಳಿ ಅರ್ಧವನ್ನು ಬಿಡುವುದೇ ವದಂತಿಯ ಮುಖ್ಯ ಲಕ್ಷಣವು.

ಇನ್ನು ಗೃಹಿಣಿಯರಿಗೆ ಉಪಯೋಗವಾಗುವ ಒಂದು ಲೆಕ್ಕ. ದಿನಕ್ಕೆ 2,000 ಕ್ಯಾಲೊರಿ ಆಹಾರ ಬೇಕಾದವರಿಗೆ ಪರ್ಯಾಪ್ತ ಜಿಡ್ಡು ಸುಮಾರು 22 ಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಿಂದ ಬರುವ ಮಿತಿ. ಕೊಬ್ಬರಿ ಎಣ್ಣೆಯ ಒಂದು ದೊಡ್ಡ ಚಮಚದಲ್ಲಿಯೇ ಅದು 11 ಅಥವಾ 12 ಗ್ರಾಂ ಇರುವುದು. ಔಷಧವೆಂದು ಬೆಳಗ್ಗೆ ಎರಡು ದೊಡ್ಡ ಚಮಚ ಕುಡಿದವರು, ಹಾಲು ತುಪ್ಪ ಮುಟ್ಟುವುದಕ್ಕೆ ಮುಂಚೆಯೇ ದಿನದ ಪಾಲನ್ನು ಮುಗಿಸಿದಂತಾಯಿತು. ಆದರೆ ನಾಲ್ಕು ಜನರ ಸಾರಿಗೆ ಹಾಕುವ ಒಂದು ಸಣ್ಣ ಹೋಳು ಕೊಬ್ಬರಿ, ಮುದ್ದೆಯ ಜೊತೆಗಿನ ಚಟ್ನಿ, ಹಬ್ಬದ ಕಾಯಿ ಒಬ್ಬಟ್ಟು, ಇವು ಆರೋಗ್ಯವಂತರ ಮನೆಯಲ್ಲಿ ಭಯಪಡತಕ್ಕ ವಸ್ತುಗಳಲ್ಲ. ರೋಗವಿದ್ದವರು ತಮ್ಮ ವೈದ್ಯರನ್ನು ಕೇಳಿ ಮಿತಿಯನ್ನು ಗೊತ್ತುಮಾಡಿಕೊಳ್ಳಬೇಕು. ಕೊಬ್ಬರಿ ಎಣ್ಣೆಯು ಮರೆವಿನ ರೋಗವನ್ನಾಗಲಿ ಸಕ್ಕರೆ ಕಾಯಿಲೆಯನ್ನಾಗಲಿ ಗುಣಪಡಿಸುವುದೆಂದು ಸ್ಥಾಪಿತವಾಗಿಲ್ಲ. ಅತ್ತೆಯವರ ಪ್ರಶ್ನೆಗೆ ಉತ್ತರವು ಇಷ್ಟೆ: ವಿಷವೂ ಅಲ್ಲ, ಅಮೃತವೂ ಅಲ್ಲ, ಆಹಾರ.

ಸುಳ್ಳಿನ ಬೆಲೆ

“ಜನ ಏನಾದರೂ ಹೇಳಿಕೊಳ್ಳಲಿ, ಅದರಿಂದ ನಷ್ಟವೇನು?” ಎಂದು ಕೇಳುವವರಿದ್ದಾರೆ. ನಷ್ಟವು ಬೇರೆ ಬೇರೆ ರೂಪದಲ್ಲಿ ಬರುವುದು.

ಮೊದಲನೆಯದು ದೇಹದ ನಷ್ಟ. ಎಣ್ಣೆಯ ಚಮಚವನ್ನು ನಂಬಿ ಸಕ್ಕರೆ ಕಾಯಿಲೆಯ ಗುಳಿಗೆಯನ್ನು ನಿಲ್ಲಿಸಿದವನಿಗೆ ಆಗುವ ಹಾನಿಯನ್ನು ವಿವರಿಸಬೇಕಾದುದಿಲ್ಲ. ಅದು ಮೂತ್ರಪಿಂಡಕ್ಕೂ ಕಣ್ಣಿಗೂ ಕಾಲಿಗೂ ತಟ್ಟುವುದು. ಇನ್ನೊಂದು ಕಡೆ, ‘ವಿಷ’ವೆಂಬ ಹೆದರಿಕೆಯಿಂದ ಚಟ್ನಿಯನ್ನು ಬಿಟ್ಟವರು ಅದರ ಬದಲಿಗೆ ಬೇಕರಿಯ ಬಿಸ್ಕತ್ತನ್ನೂ ಕರಿದ ತಿಂಡಿಯನ್ನೂ ಹಿಡಿಯುವುದುಂಟು. ವನಸ್ಪತಿಯಂತಹ ಗಟ್ಟಿಮಾಡಿದ ಎಣ್ಣೆಗಳಲ್ಲಿರುವ ಟ್ರಾನ್ಸ್ ಜಿಡ್ಡು ಹೃದಯಕ್ಕೆ ಇನ್ನೂ ಕೆಟ್ಟದು. ಆ ಕಾರಣದಿಂದಲೇ ನಮ್ಮ ದೇಶದಲ್ಲಿ 2022ರ ಜನವರಿಯಿಂದ ಅದನ್ನು ನೂರಕ್ಕೆ 2 ಪಾಲಿಗೆ ಮಿತಿಗೊಳಿಸಲಾಯಿತು.

ಎರಡನೆಯದು ಜೀವನೋಪಾಯದ ನಷ್ಟ. ಕೇಂದ್ರ ಸರಕಾರವು ಎಣ್ಣೆಯ ಕೊಬ್ಬರಿಗೆ ಒಂದು, ಉಂಡೆ ಕೊಬ್ಬರಿಗೆ ಮತ್ತೊಂದು ಬೆಂಬಲ ಬೆಲೆಯನ್ನು ಗೊತ್ತುಮಾಡುವುದು. ಆದರೆ ವರ್ಷವಿಡೀ ಅಟ್ಟದ ಮೇಲೆ ಕಾಯ್ದಿಟ್ಟ ಮಾಲಿನ ಗತಿಯು ಕೊನೆಗೆ ಕೊಳ್ಳುವವರ ಮನಸ್ಸನ್ನೇ ಅವಲಂಬಿಸಿದೆ. ಕೊಳ್ಳುವವರ ಮನಸ್ಸಿನಲ್ಲಿ ಸುಳ್ಳು ಭಯ ಹೊಕ್ಕರೆ ಅದನ್ನು ಬೆಂಬಲ ಬೆಲೆಯಿಂದ ಮಾತ್ರ ತೆಗೆಯಲಾಗದು. ಸುಳ್ಳು ಆಸೆಯನ್ನು ಹುಟ್ಟಿಸಿ ಮಾರಿದ ಮಾಲೂ ಒಂದು ದಿನ ನಂಬಿಕೆಯನ್ನು ಕಳೆದುಕೊಳ್ಳುವುದು.

ಮೂರನೆಯ ನಷ್ಟವು ಹೊರಗೆ ಕಾಣದು. ಇಲ್ಲದ ಭಯದ ಕಡೆಗೆ ಜನರ ಗಮನ ಹರಿದರೆ ಇರುವ ಭಯವು ಮರೆತುಹೋಗುವುದು. ಕೊಬ್ಬರಿಯಲ್ಲಿ ನಿಜವಾಗಿ ಹೆದರಬೇಕಾದುದು ಒಂದಿದೆ, ಅದು ಬೂಷ್ಟು. ಚೆನ್ನಾಗಿ ಒಣಗದ ಕೊಬ್ಬರಿಯಲ್ಲಿ, ತೇವದ ಕೋಣೆಯಲ್ಲಿ ಮೂಟೆ ಕಟ್ಟಿಟ್ಟ ಕಡಲೆಕಾಯಿಯಲ್ಲಿ, ಮುಸುಕಿನ ಜೋಳದಲ್ಲಿ, ಹಸುರು ಹಳದಿ ಬಣ್ಣದ ಒಂದು ಜಾತಿಯ ಬೂಷ್ಟು ಬೆಳೆದು ಅಫ್ಲಟಾಕ್ಸಿನ್ ಎಂಬ ವಿಷವನ್ನು ಹುಟ್ಟಿಸುವುದು. ಇದು ಪಿತ್ತಜನಕಾಂಗವನ್ನು ಕೆಡಿಸುವುದು. ಬಹುಕಾಲ ಸ್ವಲ್ಪಸ್ವಲ್ಪವಾಗಿ ಒಳಹೋದರೆ ಅಲ್ಲಿ ಅರ್ಬುದವನ್ನು ಉಂಟುಮಾಡಬಲ್ಲುದು. ಮನೆಯ ಒಲೆಯ ಶಾಖಕ್ಕೆ ಇದು ನಾಶವಾಗದು. 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯನ್ನು ತಿಂದು ಲಕ್ಷಕ್ಕೆ ಮೀರಿ ಟರ್ಕಿ ಕೋಳಿಗಳು ಸತ್ತುದರಿಂದ ಈ ವಿಷವು ಮೊದಲು ಪತ್ತೆಯಾಯಿತು. ಆಫ್ರಿಕದ ಕೆನ್ಯ ದೇಶದಲ್ಲಿ 2004ರಲ್ಲಿ ಒದ್ದೆಯಾದ ಜೋಳವನ್ನು ತಿಂದ 317 ಜನರು ಕಾಯಿಲೆ ಬಿದ್ದು ಅವರಲ್ಲಿ 125 ಜನರು ತೀರಿಕೊಂಡರು. ಬೂಷ್ಟು ಹಿಡಿದ ಕೊಬ್ಬರಿಯನ್ನು ಕೆರೆದು ಸಾರಿಗೆ ಹಾಕುವುದೂ, “ನಮಗೆ ಬೇಡ, ಹಸುವಿಗಿರಲಿ” ಎಂದು ದನದ ಮುಂದೆ ಚೆಲ್ಲುವುದೂ ತಪ್ಪು. ಹಸುವಿಗೆ ಹಾಕಿದರೆ ಆ ವಿಷದ ಅಂಶವು ಹಾಲಿಗೆ ಇಳಿದು ಪುನಃ ನಮ್ಮ ಮಕ್ಕಳ ಲೋಟಕ್ಕೆ ಬರುವುದು. ‘ಶುದ್ಧ ವಿಷ’ದ ಸುದ್ದಿಯನ್ನು ನೂರು ಜನಕ್ಕೆ ಕಳುಹಿಸಿದವರಲ್ಲಿ ಈ ಬೂಷ್ಟಿನ ಸುದ್ದಿಯನ್ನು ಹತ್ತು ಜನಕ್ಕೆ ಹೇಳಿದವರು ಎಷ್ಟು ಮಂದಿ?

ಕಣ್ಣಿಗೆ ಕಾಣದುದನ್ನು ಕಾಣಿಸುವ ಬಗೆ

ವದಂತಿಯನ್ನು ನಂಬಿದವರನ್ನು ಮೂಢರೆಂದು ಹೀಯಾಳಿಸುವುದು ವಿದ್ಯಾವಂತರಲ್ಲಿ ಒಂದು ರೂಢಿಯಾಗಿದೆ. ಇದರಿಂದ ಏನೂ ಪ್ರಯೋಜನವಿಲ್ಲವೆಂಬುದಕ್ಕೆ ತೆಂಗಿನ ತೋಟದಿಂದಲೇ ಒಂದು ದೃಷ್ಟಾಂತವನ್ನು ಕೊಡುತ್ತೇವೆ.

1998ರಲ್ಲಿ ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ತೆಂಗಿಗೆ ಒಂದು ಹೊಸ ಪೀಡೆ ಕಾಣಿಸಿಕೊಂಡಿತು. ಎಳೆಯ ಕಾಯಿಯ ತೊಟ್ಟಿನ ಬಳಿ ಬಿಳಿಯ ಮಚ್ಚೆಯೆದ್ದು, ಅದು ಕಂದುಬಣ್ಣಕ್ಕೆ ತಿರುಗಿ, ಸಿಪ್ಪೆ ಬಿರಿದು, ಕಾಯಿ ಸೊರಗಿ ಸಣ್ಣದಾಗುತ್ತಿದ್ದಿತು. ಕೆಲವೇ ಕಾಲದಲ್ಲಿ ಅದು ಕರ್ನಾಟಕದ ತೋಟಗಳಿಗೂ ಹಬ್ಬಿತು. ಜನರು ಇದನ್ನು ನುಸಿ ರೋಗವೆಂದು ಕರೆದರು. ವಾಸ್ತವವಾಗಿ ಇದು ರೋಗವಲ್ಲ. ಒಂದು ಮಿಲಿಮೀಟರಿನ ಕಾಲು ಭಾಗಕ್ಕಿಂತ ದೊಡ್ಡದಲ್ಲದ ಒಂದು ಜೀವಿಯ ಕೆಲಸ. ಮೆಕ್ಸಿಕೊ ದೇಶದ ಗೆರೆರೊ ಪ್ರಾಂತದಲ್ಲಿ ಸಿಕ್ಕ ಈ ನುಸಿಗೆ 1965ರಲ್ಲಿ ಶಾಸ್ತ್ರೀಯ ನಾಮವನ್ನಿಟ್ಟರು. ಅದೇ ದಶಕದಲ್ಲಿ ಪಶ್ಚಿಮ ಆಫ್ರಿಕದ ತೆಂಗಿನಲ್ಲಿಯೂ ಅದು ಕಂಡುಬಂದಿತು. ಕಾಯಿಯ ತೊಟ್ಟಿನ ಟೊಪ್ಪಿಯ ಕೆಳಗೆ ಸಾವಿರಗಟ್ಟಲೆಯಾಗಿ ಅಡಗಿ ರಸವನ್ನು ಹೀರುವ ಈ ಜೀವಿ ಬರಿಯ ಕಣ್ಣಿಗೆ ಕಾಣುವುದಿಲ್ಲ.

ಕಣ್ಣಿಗೆ ಕಾಣದುದು ತನ್ನ ಬೆಳೆಯನ್ನು ತಿನ್ನುತ್ತಿದೆಯೆಂದು ಹೇಳಿದರೆ ರೈತನು ಹೇಗೆ ನಂಬಿಯಾನು? ಗಾಳಿಯ ದೋಷ, ಗೊಬ್ಬರದ ದೋಷ, ಕಾಲದ ದೋಷ ಎಂದು ಅವನು ತರ್ಕಿಸುವುದು ಅಜ್ಞಾನದಿಂದಲ್ಲ. ತನ್ನ ಕಣ್ಣಿನ ಸಾಕ್ಷಿಯನ್ನು ಗೌರವಿಸುವುದರಿಂದ. ಇಂತಹವನಿಗೆ ಒಂದು ಗಂಟೆಯ ಭಾಷಣಕ್ಕಿಂತ ಒಂದು ಭೂತಕನ್ನಡಿ ಮೇಲು. ಎಳೆಯ ಕಾಯಿಯ ತೊಟ್ಟನ್ನು ಬಿಡಿಸಿ, ಆ ಬಿಳಿಯ ಜಾಗದ ಮೇಲೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕನ್ನಡಿಯನ್ನು ಹಿಡಿದುಕೊಟ್ಟರೆ, ಹುಡಿಯಂತಹ ಚುಕ್ಕೆಗಳು ಮೆಲ್ಲನೆ ಹರಿದಾಡುವುದನ್ನು ಅವನೇ ನೋಡುವನು. ಆ ಬಳಿಕ ಬೇವಿನ ಎಣ್ಣೆ, ಬೆಳ್ಳುಳ್ಳಿ, ಸಾಬೂನುಗಳನ್ನು ಕಲಸಿ ಎಳೆಯ ಗೊನೆಗೆ ಸಿಂಪಡಿಸಬೇಕೆಂದರೆ ಏಕೆಂದು ಕೇಳುವ ಅವಶ್ಯಕತೆ ಅವನಿಗಿರದು. 1916ರಿಂದ ತೆಂಗಿನ ಸಂಶೋಧನೆ ನಡೆಯುತ್ತಿರುವ ಕಾಸರಗೋಡಿನ ಕೇಂದ್ರವು ಇಂತಹ ವಿಧಾನಗಳನ್ನು ಶೋಧಿಸಿ ಕೊಟ್ಟಿದೆ. ತಿಪಟೂರಿನ ಬಳಿಯ ಕೊನೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವೂ ಇದೆ. ಶೋಧನೆಗೂ ತೋಟಕ್ಕೂ ನಡುವೆ ಇರುವ ಕೊರತೆಯೆಂದರೆ ಕನ್ನಡಿಯನ್ನು ಹಿಡಿದು ತೋಟದ ಬದುವಿನ ಮೇಲೆ ಬಂದು ನಿಲ್ಲುವ ಮನುಷ್ಯನದು.

ನಮ್ಮ ಹಿರಿಯರು ಹಾಕಿದ ದಾರಿ

ಹೊಸ ವಿದ್ಯೆಯನ್ನು ಜನರಿಗೆ ಒಪ್ಪಿಸುವ ಈ ಸಮಸ್ಯೆಯು ಮೊಬೈಲಿನೊಡನೆ ಹುಟ್ಟಿದುದಲ್ಲ. ಸಿಡುಬಿಗೆ ದೇವಿ ಹಾಕುವ ಪದ್ಧತಿಯು 1802ರಲ್ಲಿ ಮುಂಬಯಿಗೆ ಬಂದಾಗ ಜನರಲ್ಲಿ ಬಹಳ ಅಂಜಿಕೆಯಿದ್ದಿತು. ಸುಮಾರು 1805ರಲ್ಲಿ ಥಾಮಸ್ ಹಿಕಿ ಎಂಬ ಚಿತ್ರಗಾರನು ಮೈಸೂರಿನ ಅರಮನೆಯ ಮೂವರು ಸ್ತ್ರೀಯರ ಚಿತ್ರವನ್ನು ಬರೆದನು. ಅದರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿಯು ಸೆರಗನ್ನು ಸರಿಸಿ ತನ್ನ ತೋಳನ್ನು ತೋರಿಸುವ ಹಾಗೆ ನಿಂತಿರುವಳು. ಇದು ದೇವಿ ಹಾಕಿಸಿಕೊಂಡ ಜಾಗವನ್ನು ಜನರಿಗೆ ಕಾಣಿಸಿ ಧೈರ್ಯ ಹೇಳುವ ಉದ್ದೇಶದ ಚಿತ್ರವೆಂದು ಇತಿಹಾಸಕಾರ ನೈಜೆಲ್ ಛಾನ್ಸೆಲರರು ಅಭಿಪ್ರಾಯಪಟ್ಟಿದ್ದಾರೆ. ಅವರ ಅಭಿಪ್ರಾಯವು ಸರಿಯಾಗಿದ್ದರೆ, ಅಂತಃಪುರದ ಸ್ತ್ರೀಯೊಬ್ಬಳು ತೋಳು ತೋರಿಸಿ ಹೇಳಿದ ಮಾತು ಸಾವಿರ ಆಜ್ಞಾಪತ್ರಗಳಿಗಿಂತ ಬಲವಾದುದೆಂದು ಆಗಿನವರು ಅರಿತಿದ್ದರು.

ಬರವಣಿಗೆಯ ಮೂಲಕ ಈ ಕೆಲಸವನ್ನು ಕೈಗೊಂಡವರಲ್ಲಿ ಮೊದಲು ನೆನೆಯಬೇಕಾದವರು ನಮ್ಮ ತುಮಕೂರು ಜಿಲ್ಲೆಯವರೇ. ಬೆಳ್ಳಾವೆಯಲ್ಲಿ 1872ರಲ್ಲಿ ಹುಟ್ಟಿದ ವೆಂಕಟನಾರಣಪ್ಪನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತಿದ್ದರು. ಕಾಲೇಜಿನ ಪಾಠವು ಇಂಗ್ಲಿಷಿನಲ್ಲಿ ನಡೆದು ಅಲ್ಲಿಯೇ ಮುಗಿಯುತ್ತಿದ್ದ ಆ ಕಾಲದಲ್ಲಿ, ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ಸೇರಿ ಅವರು 1918ರಲ್ಲಿ ‘ವಿಜ್ಞಾನ’ವೆಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದರು. ಅದು ಎರಡು ವರ್ಷ ಮಾತ್ರ ನಡೆಯಿತು. ಆದರೆ ಶಾಸ್ತ್ರವನ್ನು ಕನ್ನಡದಲ್ಲಿ ಹೇಳಬಹುದೆಂಬುದನ್ನು ಹೇಳಿಯೇ ತೋರಿಸಿತು. ಮುಂದೆ ವೆಂಕಟನಾರಣಪ್ಪನವರು ‘ಜೀವವಿಜ್ಞಾನ’ವೆಂಬ ಗ್ರಂಥವನ್ನೂ ಬರೆದರು. ಪಂಪನ ಭಾರತವನ್ನು ಸಂಪಾದಿಸಿದ ಅದೇ ಕೈ ಜೀವಕೋಶಗಳ ವಿಷಯವನ್ನೂ ಬರೆಯಿತೆಂಬುದು ನಮ್ಮ ಸೀಮೆಯವರು ಹೆಮ್ಮೆಪಡತಕ್ಕ ಸಂಗತಿ. ಅವರ ತರುವಾಯ ಶಿವರಾಮ ಕಾರಂತರು ‘ಬಾಲಪ್ರಪಂಚ’ವನ್ನೂ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನೂ ಕೊಟ್ಟರು. ಸಸ್ಯಶಾಸ್ತ್ರಜ್ಞರಾದ ಬಿ. ಜಿ. ಎಲ್. ಸ್ವಾಮಿಯವರು ‘ಹಸುರು ಹೊನ್ನು’ವಿನಲ್ಲಿ ಗಿಡಮರಗಳ ಶಾಸ್ತ್ರವನ್ನು ಕತೆಯಂತೆ ಓದಿಸಿದರು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ‘ಬಾಲವಿಜ್ಞಾನ’ವನ್ನು ಮಕ್ಕಳ ಕೈಗಿತ್ತಿತು. 1988ರಲ್ಲಿ ಪುತ್ತೂರಿನಲ್ಲಿ ಆರಂಭವಾದ ‘ಅಡಿಕೆ ಪತ್ರಿಕೆ’ಯು ರೈತರ ಕೈಗೇ ಲೇಖನಿಯನ್ನು ಕೊಟ್ಟು, ತೋಟದಲ್ಲಿ ಕಂಡುದನ್ನು ತೋಟದವರೇ ಬರೆಯುವಂತೆ ಮಾಡಿತು.

ದೂರದ ಆಫ್ರಿಕವೂ ಇದೇ ಪಾಠವನ್ನು ಕಲಿಸುವುದು. ನೈಜೀರಿಯದ ಕಾನೊ ಪ್ರಾಂತದಲ್ಲಿ 2003ರಲ್ಲಿ, ಪೋಲಿಯೊ ಹನಿಯಿಂದ ಹೆಣ್ಣುಮಕ್ಕಳು ಬಂಜೆಯರಾಗುವರೆಂಬ ವದಂತಿ ಹಬ್ಬಿ, ಹೆಚ್ಚುಕಡಮೆ ಒಂದು ವರ್ಷ ಹನಿ ಹಾಕುವುದೇ ನಿಂತಿತು. ತತ್ಪರಿಣಾಮವಾಗಿ ರೋಗವು ಪುನಃ ಹಬ್ಬಿ ಹಲವು ದೇಶಗಳಿಗೆ ದಾಟಿತು. ಪರದೇಶದ ತಜ್ಞರು ಎಷ್ಟು ಹೇಳಿದರೂ ಹೋಗದ ಶಂಕೆಯು, ಸ್ಥಳದ ಧರ್ಮಗುರುಗಳನ್ನೂ ಹಿರಿಯರನ್ನೂ ಜೊತೆಗೆ ಕರೆದುಕೊಂಡು, ಅವರು ನಂಬುವ ಇಂಡೊನೇಷ್ಯದಿಂದ ಔಷಧವನ್ನು ತರಿಸಿದಾಗ ಸಡಿಲವಾಯಿತು. ಅಲ್ಲಿಂದ ಮುಂದೆ ಮನೆಮನೆಗೆ ಹೋಗಿ ತಾಯಂದಿರೊಡನೆ ಅವರ ಭಾಷೆಯಲ್ಲಿ ಮಾತನಾಡುವ ಕೆಲಸವು ವರ್ಷಗಟ್ಟಲೆ ನಡೆಯಿತು. 2020ರ ಆಗಸ್ಟ್ 25ರಂದು ಆಫ್ರಿಕ ಪ್ರದೇಶವು ಕಾಡು ಪೋಲಿಯೊದಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ಘೋಷಿಸಲಾಯಿತು. ಔಷಧವು ಮೊದಲಿನಿಂದಲೂ ಒಳ್ಳೆಯದೇ ಆಗಿದ್ದಿತು. ಅದನ್ನು ಹೇಳುವ ಬಾಯಿ ಬದಲಾದ ಮೇಲೆ ಅದು ಮಕ್ಕಳ ಬಾಯಿಗೆ ತಲಪಿತು.

ನಾವು ಮಾಡಬೇಕಾದುದು

ಬಲ್ಲವರಲ್ಲಿ ನಮ್ಮ ಮೊದಲ ಪ್ರಾರ್ಥನೆಯೇನೆಂದರೆ, ಅವರು ವದಂತಿ ಬಂದ ಮೇಲೆ ಅದನ್ನು ಅಟ್ಟಿಸಿಕೊಂಡು ಓಡುವುದಕ್ಕಿಂತ, ಅದು ಬರುವುದಕ್ಕೆ ಮುಂಚೆಯೇ ಜನರ ನಡುವೆ ಇರತಕ್ಕದ್ದು. ನುಸಿ ನೆರೆಯ ರಾಜ್ಯಕ್ಕೆ ಬಂದಾಗಲೇ ನಮ್ಮ ಊರಿನ ಸಂತೆಯಲ್ಲಿ ಅದರ ಸುದ್ದಿಯಾಗಬೇಕು. ಎರಡನೆಯದಾಗಿ, ತಮಗೆ ಗೊತ್ತಿಲ್ಲದುದನ್ನು ಗೊತ್ತಿಲ್ಲವೆಂದು ಒಪ್ಪಿಕೊಳ್ಳಬೇಕು. ‘ಶುದ್ಧ ವಿಷ’ವೆಂಬಂತಹ ಮಾತು ಸಭೆಯಲ್ಲಿ ಚಪ್ಪಾಳೆಯನ್ನು ತರಬಹುದು, ಆದರೆ ಅತಿಶಯೋಕ್ತಿಯು ಬಯಲಾದ ದಿನ, ಅದರ ಒಳಗಿದ್ದ ನಿಜವೂ ಅದರೊಡನೆ ಬಿದ್ದುಹೋಗುವುದು. ವೈ‌ದ್ಯರು “ಕೊಬ್ಬರಿ ಮುಟ್ಟಬೇಡಿ” ಎಂದು ಚೀಟಿಯಲ್ಲಿ ಬರೆಯುವ ಬದಲು, “ದಿನಕ್ಕೆ ಇಷ್ಟು, ಈ ಕಾರಣದಿಂದ” ಎಂದು ಎರಡು ನಿಮಿಷ ಕುಳಿತು ಹೇಳಿದರೆ ರೋಗಿಯು ಮೊಬೈಲಿನ ವೈದ್ಯನನ್ನು ಹುಡುಕುವುದಿಲ್ಲ.

ಗೃಹಸ್ಥರೂ ಗೃಹಿಣಿಯರೂ ಮಾಡಬಹುದಾದುದೂ ಉಂಟು. ಆರೋಗ್ಯದ ವಿಷಯವಾಗಿ ಯಾವ ಸುದ್ದಿ ಬಂದರೂ ಅದನ್ನು ನಾಲ್ಕು ಪ್ರಶ್ನೆಗಳಿಂದ ಪರೀಕ್ಷಿಸಬೇಕು. ಇದನ್ನು ಹೇಳಿದವರು ಯಾರು, ಎಲ್ಲಿ ಹೇಳಿದರು? ಎಷ್ಟು ಪ್ರಮಾಣವನ್ನು ಕುರಿತು ಹೇಳಿದರು? ಯಾವುದಕ್ಕೆ ಹೋಲಿಸಿ ಹೇಳಿದರು? ನಾವು ನಂಬಿದರೆ ಯಾರಿಗೆ ಲಾಭ? ಒಂದೇ ವಸ್ತುವು ಹತ್ತು ರೋಗಗಳಿಗೆ ಮದ್ದೆಂದು ಹೇಳುವ ಸುದ್ದಿಯೂ, “ಕೂಡಲೆ ಎಲ್ಲರಿಗೂ ಕಳುಹಿಸಿ” ಎಂದು ಅವಸರಪಡಿಸುವ ಸುದ್ದಿಯೂ ಬಹುಮಟ್ಟಿಗೆ ಸುಳ್ಳೆಂದೇ ತಿಳಿಯಬಹುದು. ಮನೆಯ ಹಿರಿಯರು ಇಂತಹದನ್ನು ನಂಬಿ ಬಂದಾಗ ಮಕ್ಕಳು ನಗಬಾರದು. “ಅಪ್ಪಾ, ಇದನ್ನು ಡಾಕ್ಟರನ್ನು ಕೇಳಿ ಆಮೇಲೆ ಮಾಡೋಣ” ಎಂದರೆ ಸಾಕು. ಗುಳಿಗೆಯೂ ನಿಲ್ಲದು, ಹಿರಿಯರ ಮನಸ್ಸೂ ನೋಯದು.

ಬಿಳಿಗೆರೆಯ ಕಡೆಯ ಅಜ್ಜಿಯರಿಗೆ ಇದನ್ನು ನಾವು ಹೊಸದಾಗಿ ಕಲಿಸಬೇಕಾದುದಿಲ್ಲ. ಅಟ್ಟದ ಕಾಯಿಯನ್ನು ಅವರು ಕೈಗೆ ಸಿಕ್ಕ ಕೂಡಲೆ ಒಡೆಯುವುದಿಲ್ಲ. ಕಿವಿಯ ಬಳಿ ಹಿಡಿದು ಅಲುಗಿಸುವರು. ಸದ್ದು ಸರಿಯಾಗಿ ಬಂದರೆ ಒಡೆಯುವರು. ಇಲ್ಲದಿದ್ದರೆ, “ಇನ್ನೂ ಆಗಿಲ್ಲ ಕಣಮ್ಮ” ಎಂದು ಪುನಃ ಅಟ್ಟಕ್ಕೆ ಹಾಕುವರು. ಅವಸರಪಟ್ಟು ಒಡೆದ ಕಾಯಿಯೇ ಬೂಷ್ಟು ಹಿಡಿಯುವುದೆಂದು ಅವರು ಬಲ್ಲರು. ಕಿವಿಗೆ ಬಿದ್ದ ಸುದ್ದಿಯ ವಿಷಯದಲ್ಲಿಯೂ ನಾವೆಲ್ಲರೂ ಆ ಅಜ್ಜಿಯರಷ್ಟೇ ತಾಳ್ಮೆಯನ್ನು ತೋರಿದರೆ, ಕಲ್ಪವೃಕ್ಷದ ಸೀಮೆಯಲ್ಲಿ ಕೊಬ್ಬರಿಯ ಮಾನವೂ ಮನೆಯವರ ಆರೋಗ್ಯವೂ ಒಟ್ಟಿಗೆ ಉಳಿದಾವು.